‘ಪರಿಸರಸ್ನೇಹಿ’ ಲೇಔಟಾ, ಹತ್ತು ಗುಂಟೆ ‘ಇಕೋ ಫಾರ್ಮಾ’? ಚಿಕ್ಕಮಗಳೂರು ಕಡೆ ಜಾಗ ನೋಡ್ತಿರೋರು ಒಂದ್ನಿಮಿಷ ಬನ್ನಿ

ಹಿರೇಮಗಳೂರು ಹೈದ

ಅಪ್ಪ ಅಮ್ಮ ಊರಲ್ಲಿದ್ದಾರೆ, ನಾನು ಬೆಂಗಳೂರಲ್ಲಿ. ಇನ್ನು ಕೆಲವು ವರ್ಷಕ್ಕೆ ವಾಪಸ್ ಬಂದುಬಿಡೋ ಯೋಚನೆ. ಕೈಲಿರೋ ದುಡ್ಡಿಗೆ ಎರಡು ಜಾಗ ಕಣ್ಣಿಗೆ ಬಿದ್ದಿವೆ.

ಒಂದು, ಕಡೂರು ರಸ್ತೆ ಕಡೆ ಹೊಸ ಲೇಔಟಲ್ಲಿ 30×40 ಸೈಟು. ಇನ್ನೊಂದು, ಮೂಡಿಗೆರೆ ದಾರಿಯಿಂದ ಒಳಗೆ, ಹಳೇ ಕಾಫಿ ತೋಟ ತುಂಡು ಮಾಡಿ 10 ಗುಂಟೆ ಲೆಕ್ಕದಲ್ಲಿ ಮಾರ್ತಿದ್ದಾರೆ. ‘ಸಸ್ಟೈನಬಲ್ ಇಕೋ ವಿಲ್ಲಾ, ಮ್ಯಾನೇಜ್ಡ್ ಫಾರ್ಮ್’ ಅಂತ ಹೆಸರು. ತೋಟ ಅವರೇ ನೋಡ್ಕೊಳ್ತಾರಂತೆ, ನಾವು ರಜಕ್ಕೆ ಬಂದು ಹೋದ್ರೆ ಸಾಕಂತೆ, ಮಿಕ್ಕ ದಿನ ಟೂರಿಸ್ಟ್‌ಗೆ ಬಿಟ್ಟು ಬಾಡಿಗೆ ಕೈಗೆ ಕೊಡ್ತಾರಂತೆ.

ಎರಡೂ ಬ್ರೋಷರ್‌ನಲ್ಲಿ ಸೋಲಾರ್ ದೀಪ, ಮಳೆಕೊಯ್ಲು, ಹಸಿರು ಶೇಕಡಾ ಇಷ್ಟು ಅಂತ ಇದೆ. ಅಪ್ಪ ಒಂದೇ ಮಾತು ಹೇಳ್ತಾರೆ: "ಮೊದಲು ನೀರೆಲ್ಲಿ ಹರಿಯುತ್ತೆ ನೋಡು." ಅದು ಸರಿ, ಆದ್ರೆ ನಂಗೆ ಅದನ್ನ ನೋಡೋದು ಹೆಂಗೆ ಅಂತಾನೇ ಗೊತ್ತಿಲ್ಲ. ತಿಳಿದೋರು ಬಿಡಿಸಿ ಹೇಳಿ.

ಸರ್ವೆ ಸರಪಳಿ

ಬ್ರೋಷರ್ ಪಕ್ಕಕ್ಕಿಟ್ಟು ಸರ್ವೆ ನಂಬರ್ ಕೇಳಿ. ಕೊಡಲ್ಲ ಅಂದ್ರೆ ಮಾತುಕತೆ ಅಲ್ಲಿಗೇ ಮುಗೀತು.

ಕೊಟ್ಟರೆ ಆರ್‌ಟಿಸಿ (ಪಹಣಿ) ಜೊತೆಗೆ ಗ್ರಾಮ ನಕ್ಷೆ ತೆಗೆಸಿ. ಪಹಣಿ ನೋಡೋರು ಎಲ್ಲರೂ ಇದ್ದಾರೆ, ಗ್ರಾಮ ನಕ್ಷೆ ನೋಡೋರು ಕಮ್ಮಿ. ಹಳ್ಳ, ಕೆರೆ, ಬಂಡಿದಾರಿ ಎಲ್ಲ ಅದರಲ್ಲೇ ಗೀಟು ಹಾಕಿರುತ್ತೆ. ಜಾಗದ ಮೇಲೆ ನಿಂತು ದಿಶಾಂಕ್ ಆ್ಯಪ್ ತೆಗೆದ್ರೆ ಯಾವ ಸರ್ವೆ ನಂಬರಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತೆ. ಅದು ಅಂದಾಜಿಗೆ ಮಾತ್ರ, ಹದ್ದುಬಸ್ತಿಗೆ (ಗಡಿ ಗುರುತಿಸೋಕೆ) ಸರ್ವೆಯರೇ ಬರಬೇಕು. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು, ಅದರಲ್ಲಿ ಬಿ ಖರಾಬು ಎಷ್ಟು ಅಂತ ನೋಡಿ. ಬಿ ಖರಾಬು ಅಂದ್ರೆ ಹಳ್ಳ, ದಾರಿ ಥರ ಸಾರ್ವಜನಿಕ ಜಾಗ, ಅದು ಮಾರೋನ ಅಪ್ಪಂದಲ್ಲ. ಲೇಔಟ್ ನಕ್ಷೆಯಲ್ಲಿ ಅಂಥ ಜಾಗದ ಮೇಲೆ ‘ಪಾರ್ಕ್’ ಅಂತ ಹಸಿರು ಬಳಿದು ಲೆಕ್ಕ ಕೊಟ್ಟಿದ್ದು ನಾನೇ ನೋಡಿದ್ದೀನಿ.

ಈಗ ನಿಮ್ಮ 10 ಗುಂಟೆ ವಿಷಯ. ಅದು ಕೃಷಿ ಜಮೀನು. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದೋರೂ ತಗೋಬಹುದು, ಅಡ್ಡಿಯಿಲ್ಲ. ಆದ್ರೆ ತಗೊಂಡ ತಕ್ಷಣ ವಿಲ್ಲಾ ಕಟ್ಟೋ ಹಾಗಿಲ್ಲ. ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಭೂಪರಿವರ್ತನೆ (ಕೃಷಿಯೇತರ ಬಳಕೆಗೆ ಅನುಮತಿ) ಆಗಬೇಕು. ಪರಿವರ್ತನೆ ಇಲ್ಲದೆ ಕಟ್ಟಬಹುದಾದ್ದು ಕೃಷಿಕನ ಸ್ವಂತ ಉಪಯೋಗದ ಫಾರ್ಮ್‌ಹೌಸು, ಅದೂ ಹಿಡುವಳಿಯ ಶೇ 10 ಮೀರದ ಹಾಗೆ. 10 ಗುಂಟೆಗೆ ಒಂದು ಗುಂಟೆ, ಅಂದ್ರೆ 1089 ಚದರಡಿ. ಅದನ್ನ ವ್ಯಾಪಾರಕ್ಕೆ ಬಾಡಿಗೆ ಕೊಡೋ ಹಾಗೂ ಇಲ್ಲ. ಹಂಗಾದ್ರೆ ‘ಮಿಕ್ಕ ದಿನ ಟೂರಿಸ್ಟ್‌ಗೆ’ ಅನ್ನೋ ಮಾತು ಎಲ್ಲಿ ನಿಂತಿದೆ, ಅವರನ್ನೇ ಕೇಳಿ.

ನಿವೇಶನ ಮಿತ್ರ

ಬಂದ್ರಪ್ಪ ಕಾನೂನು ಪಂಡಿತರು. ನಾನು ಇದೇ ಫೀಲ್ಡಲ್ಲಿ ಇರೋನು, ಮುಚ್ಚಿಡೋದೇನಿಲ್ಲ. ಕಾಫಿಗೆ ಈಗ ರೇಟ್ ಬಂದಿದೆ ನಿಜ, ಅದಕ್ಕೂ ಮುಂಚೆ ಎಷ್ಟು ವರ್ಷ ಬೆಳೆಗಾರರು ಒದ್ದಾಡಿದ್ರು? ಕೂಲಿಗೆ ಜನ ಇಲ್ಲ, ಮಕ್ಕಳು ಬೆಂಗಳೂರು, ಅಮೆರಿಕ. 4 ಎಕರೆ ಇಟ್ಕೊಂಡು ಮುದುಕರು ಏನು ಮಾಡಬೇಕು? ಮಾರ್ತಾರೆ. ಯಾರಾದ್ರೂ ತಗೊಂಡು ಚೆನ್ನಾಗಿ ಇಟ್ಕೊಂಡ್ರೆ ನಿಮಗ್ಯಾಕೆ ಹೊಟ್ಟೆಯುರಿ? ಲೇಔಟ್ ಬಂದ್ರೆ ಊರಿನ ಗಾರೆಯವರು, ಎಲೆಕ್ಟ್ರಿಷಿಯನ್ನು, ಟ್ರ್ಯಾಕ್ಟರಿನವರು ಎಲ್ಲರಿಗೂ ಕೆಲಸ. ಪರಿಸರ ಪರಿಸರ ಅನ್ನೋರು ಎಲ್ಲರೂ ಆರ್‌ಸಿಸಿ ಮನೇಲೇ ಕೂತ್ಕೊಂಡು ಟೈಪ್ ಮಾಡ್ತಿರೋದು.

ಹಡ್ಲು ಗದ್ದೆ

ಮಿತ್ರರೇ, ಮಾರೋದು ತಪ್ಪು ಅಂತ ಯಾರೂ ಹೇಳಿಲ್ಲ ಮಾರಾಯ್ರೆ. ನಮ್ಮ ಪಕ್ಕದ ತೋಟಾನೂ ಮಾರಾಟ ಆಯ್ತು. ಆಮೇಲೆ ಏನಾಯ್ತು ಅಂತ ಹೇಳ್ತೀನಿ, ಆಮೇಲೆ ಜಗಳ ಆಡೋಣ.

ಮೂಡಿಗೆರೆ ಕಡೆ ತೋಟದ ಕಟ್ಟಣೆ ಹೆಂಗಿರುತ್ತೆ ಅಂತ ಹೊರಗಿನವರಿಗೆ ಗೊತ್ತಿರಲ್ಲ. ಮೇಲೆ ಗುಡ್ಡದ ಹುಲ್ಲು, ಅದರ ಮಡಿಕೇಲಿ ಶೋಲಾ ಕಾಡು. ಇಳಿಜಾರಲ್ಲಿ ಕಾಫಿ, ಅದರ ಮೇಲೆ ಅತ್ತಿ, ಬಸರಿ, ನಂದಿ, ಹಲಸು ನೆರಳಿಗೆ. ತಗ್ಗಲ್ಲಿ ಹಡ್ಲು, ಅಂದ್ರೆ ಒರತೆ ನೀರು ನಿಲ್ಲೋ ಗದ್ದೆ. ಮಳೆ ನೀರು ಮೇಲಿಂದ ಎಲೆಗೊಬ್ಬರದಲ್ಲಿ ಇಂಗಿ ಹಡ್ಲಲ್ಲಿ ಹೊರಗೆ ಬರುತ್ತೆ, ಅಲ್ಲಿಂದ ಹಳ್ಳ, ಹಳ್ಳದಿಂದ ಹೊಳೆ. ಹೇಮಾವತಿ ಹುಟ್ಟೋದೂ ನಮ್ಮ ತಾಲ್ಲೂಕಿನ ಜಾವಳಿ ಹತ್ರಾನೇ. ಹಾಸನದವರು ಗೊರೂರು ಡ್ಯಾಂ ತುಂಬ್ತು ಅಂತ ಫೋಟೋ ಹಾಕ್ತಾರಲ್ಲ, ಅದರ ಬೇರು ಇಲ್ಲಿ.

ಪಕ್ಕದ ತೋಟ ತಗೊಂಡೋರು ಮೊದಲು ಮಾಡಿದ್ದು ಹಡ್ಲು ತುಂಬಿಸಿದ್ದು. ಸಪಾಟು ಜಾಗ ಅಲ್ವಾ, ಪಾರ್ಕಿಂಗ್ ಆಗುತ್ತೆ! ತುಂಬಕ್ಕೆ ಮಣ್ಣು ಎಲ್ಲಿಂದ? ಮೇಲಿನ ಧರೆ (ಗುಡ್ಡದ ಕಡಿದಾದ ಅಂಚು) ಜೆಸಿಬಿ ಹಾಕಿ ಕಡಿದ್ರು. ಎರಡು ಕಡೆನೂ ಕೆಡ್ತು. ಬೆಟ್ಟದ ಬುಡ ಕಡಿಯೋದು ಅಂದ್ರೆ ಗೋಡೌನಲ್ಲಿ ಕಾಫಿ ಮೂಟೆ ಅಟ್ಟಿಯಿಂದ ಕೆಳಗಿನ ಮೂಟೆ ಎಳೆದ ಹಾಗೆ. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೇ ಮಳೆಗಾಲದಲ್ಲಿ ಕಡಿದ ಧರೆಯ ಮಧ್ಯಕ್ಕೆ ಕೆಂಪು ನೀರು ಜಿನುಗೋಕೆ ಶುರು. ಮೇಲಿದ್ದ ಸಿಲ್ವರ್ ಮರಗಳು ರಸ್ತೆ ಕಡೆ ವಾಲಿದ್ವು, ಅದರ ಹಿಂದೆ ಬೆರಳು ತೂರುವಷ್ಟು ಬಿರುಕು, ಅರ್ಧಚಂದ್ರದ ಆಕಾರದಲ್ಲಿ. ಈಗ ತಡೆಗೋಡೆ ಕಟ್ಟಿದ್ದಾರೆ. ಗೋಡೆಯಲ್ಲಿ ನೀರು ಹೊರಗೆ ಬರೋಕೆ ಪೈಪೇ ಬಿಟ್ಟಿಲ್ಲ, ಹಿಂದೆ ನೀರು ಕಟ್ಕೊಂಡು ಗೋಡೆ ಹೊಟ್ಟೆ ಬಿಟ್ಟಿದೆ.

2019ರ ಆಗಸ್ಟ್ ನೆನಪಿದೆಯಲ್ಲ? ಮಲೆಮನೆ ಕಡೆ ಗುಡ್ಡ ಜಾರಿದ್ದು, ಚಾರ್ಮಾಡಿ ಬಂದ್ ಆಗಿದ್ದು. ಆ ವರ್ಷದ ಮಳೆ ಎಲ್ಲರ ಮೇಲೂ ಬಿತ್ತು, ಕಡಿಯದ ಗುಡ್ಡವೂ ಜಾರಿತು, ಒಪ್ತೀನಿ. ಅದಕ್ಕೇ ಹೇಳೋದು, ಮೊದಲೇ ಸೂಕ್ಷ್ಮ ಇರೋ ಕಡೆ ನಾವು ಬುಡ ಬೇರೆ ಕೆರೆಯೋದು ಯಾಕೆ?

ಹೈದ, ಜಾಗ ನೋಡೋಕೆ ಜನವರಿಯಲ್ಲಿ ಬರಬೇಡಿ, ಆಗ ಎಲ್ಲಾ ಚೆಂದ. ಜುಲೈಯಲ್ಲಿ ಬನ್ನಿ, ಮಳೆ ಹೊಯ್ತಿರುವಾಗಲೇ. ಮರಗಳ ಬುಡ ಬಾಗಿ ಮೇಲೆ ನೆಟ್ಟಗಾಗಿದ್ರೆ ಮಣ್ಣು ನಿಧಾನಕ್ಕೆ ಜಾರ್ತಿದೆ ಅಂತ. ಸೈಟಿನ ನಟ್ಟನಡುವೆ ಹೊಸ ಒರತೆ ಇದ್ರೆ ಅಲ್ಲಿ ಮನೆ ಬೇಡ.

ಕಡೂರು ಕಾಯಿ

ಅಣ್ಣಾ ನಿಮ್ಮ ಕಡೆ ನೀರು ಜಾಸ್ತಿ ಅಂತ ಅಳು, ನಮ್ಮ ಕಡೆ ಇಲ್ಲ ಅಂತ ಅಳು. ಒಂದೇ ಜಿಲ್ಲೆ 😀

ಮಟ್ಟಗೋಲು

ಕಡೂರು ಕಾಯಿ ತಮಾಷೆಗೆ ಹೇಳಿದ್ದೇ ಇಲ್ಲಿ ಅಸಲಿ ವಿಷಯ. ನಾನು ಹಾಸನದಲ್ಲಿ ಸಿವಿಲ್ ಎಂಜಿನಿಯರ್, ಎರಡೂ ಕಡೆ ಕೆಲಸ ಮಾಡಿದ್ದೀನಿ. ‘ಸುಸ್ಥಿರ ಅಭಿವೃದ್ಧಿ’ ಅಂತ ಪಟ್ಟಿ ಹಿಡ್ಕೊಂಡು ಎಲ್ಲ ಜಾಗಕ್ಕೂ ಒಂದೇ ಔಷಧ ಕೊಡ್ತಾರಲ್ಲ, ಅದೇ ನನಗೆ ಸರಿ ಕಾಣಲ್ಲ. ಮಳೆಕೊಯ್ಲನ್ನೇ ತಗೊಳ್ಳಿ.

ಕಡೂರು ರಸ್ತೆ ಸೈಟು: 30×40ರಲ್ಲಿ ಸುತ್ತ ಜಾಗ ಬಿಟ್ಟು 800 ಚದರಡಿ ತಾರಸಿ ಅನ್ನಿ, ಸುಮಾರು 74 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ರೆ ಒಂದು ಲೀಟರ್. ವರ್ಷಕ್ಕೆ 900 ಮಿ.ಮೀ. ಅಂತ ಇಟ್ಕೊಂಡು, ಸೋರಿದ್ದು ಆರಿದ್ದು ಶೇ 20 ಕಳೆದ್ರೆ 53,000 ಲೀಟರ್ ಸಿಗುತ್ತೆ. ತಲೆಗೆ ದಿನಕ್ಕೆ 135 ಲೀಟರ್ ಮಾನದಂಡದಲ್ಲಿ ನಾಲ್ಕು ಜನಕ್ಕೆ 540 ಲೀಟರ್. ಮೂರು ತಿಂಗಳ ಮೇಲೆ ಬರುತ್ತೆ. ಕಡೂರು ಹತ್ರ ಹೋದಷ್ಟೂ ಮಳೆ ಕಮ್ಮಿ, ಅದಕ್ಕೆ ತಕ್ಕ ಹಾಗೆ ಇಳಿಸ್ಕೊಳ್ಳಿ. 10,000 ಲೀಟರ್ ಸಂಪ್ ಕಟ್ಟಿ, ತುಂಬಿ ಮಿಕ್ಕಿದ್ದನ್ನ ಇಂಗುಗುಂಡಿಗೆ ಬಿಡಿ. ಅಲ್ಲಿ ಇಂಗಿಸೋದು ಪುಣ್ಯ, ಬೋರಿಗೆ ಅದೇ ಆಧಾರ.

ಅದೇ ಇಂಗುಗುಂಡಿ ಮೂಡಿಗೆರೆ ಇಳಿಜಾರಿಗೆ ತಂದು ತೋಡಿದ್ರೆ? ಮೊದಲೇ ಮಣ್ಣು ನೀರು ಕುಡಿದು ಭಾರ ಆಗಿರುತ್ತೆ, ಅದರ ಹೊಟ್ಟೆಗೆ ನಾವೇ ಇನ್ನಷ್ಟು ನೀರು ತುಂಬಿದ ಹಾಗೆ. ಕಡಿದಾದ ಜಾಗದಲ್ಲಿ ನೀರನ್ನ ಇಂಗಿಸಬಾರದು, ಕಲ್ಲು ಹಾಸಿದ ಚರಂಡಿಯಲ್ಲಿ ಸಮಮಟ್ಟದ ರೇಖೆ ಹಿಡಿದು ನಿಧಾನಕ್ಕೆ ನಡೆಸಿಕೊಂಡು ಹೋಗಿ ಹಳೇ ಹಳ್ಳಕ್ಕೇ ಸೇರಿಸಬೇಕು. ನಿಮ್ಮ ಇಕೋ ವಿಲ್ಲಾದ ಬ್ರೋಷರಲ್ಲಿ ‘ಪ್ರತಿ ಪ್ಲಾಟಿಗೂ ಇಂಗುಗುಂಡಿ’ ಅಂತ ಇದ್ರೆ, ಆ ಜಾಗಕ್ಕೆ ಎಂಜಿನಿಯರ್ ಕಾಲಿಟ್ಟಿಲ್ಲ ಅಂತ ಅರ್ಥ.

ಕೊಳಚೆ ನೀರು ಇನ್ನೊಂದು. ಮಲೆನಾಡಲ್ಲಿ ಮಳೆಗಾಲದಲ್ಲಿ ಅಂತರ್ಜಲ ನೆಲದ ಮಟ್ಟಕ್ಕೇ ಬಂದಿರುತ್ತೆ. ಸೆಪ್ಟಿಕ್ ಟ್ಯಾಂಕಿನ ಪಕ್ಕ ಸೋಕ್ ಪಿಟ್ (ಕೊಳಚೆ ನೀರು ಇಂಗೋ ಗುಂಡಿ) ತೋಡಿದ್ರೆ ಆ ನೀರು ಬಾವಿಗೇ ಹೋಗೋದು. ಬಾವಿಗೂ ಪಿಟ್ಟಿಗೂ ಕನಿಷ್ಠ 60 ಅಡಿ ಬಿಡಿ, ಪಿಟ್ಟು ಬಾವಿಗಿಂತ ತಗ್ಗಲ್ಲಿರಲಿ. 10 ಗುಂಟೆಯ ಪ್ಲಾಟ್ 20 ಮಾಡಿ ಪ್ರತಿಯೊಂದಕ್ಕೂ ಬಾವಿ, ಪಿಟ್ಟು ಅಂದ್ರೆ ಈ ದೂರ ನಕ್ಷೆಯಲ್ಲಿ ಕೂರೋದೇ ಕಷ್ಟ. ಎಲ್ಲರದ್ದೂ ಸೇರಿಸಿ ಒಂದೇ ಕಡೆ ಜಲ್ಲಿ ತುಂಬಿ ಗಿಡ ನೆಟ್ಟ ಶುದ್ಧೀಕರಣ ಹಾಸು ಮಾಡ್ತೀರಾ, ಅದನ್ನ ಹತ್ತು ವರ್ಷ ಯಾರು ನೋಡ್ಕೊಳ್ತಾರೆ, ಅಂತ ಬರವಣಿಗೆಯಲ್ಲಿ ಕೇಳಿ.

ನಿವೇಶನ ಮಿತ್ರ

ಸರ್, ನೀವು ಹೇಳಿದ್ದೆಲ್ಲ ಮಾಡಿದ್ರೆ ಗುಂಟೆ ರೇಟ್ ಎಲ್ಲಿಗೆ ಹೋಗುತ್ತೆ? ಕೊಳ್ಳೋರು ಮೊದಲು ಕೇಳೋದೇ ರೇಟು, ಎರಡನೇದು ವ್ಯೂ. ಚರಂಡಿ ಬಗ್ಗೆ ಕೇಳಿದ ಗಿರಾಕಿ ಇದುವರೆಗೂ ನಂಗೆ ಸಿಕ್ಕಿಲ್ಲ. ಕೇಳಿದ್ರೆ ನಾವೂ ಮಾಡ್ತೀವಿ.

ಮಟ್ಟಗೋಲು

ಈ ಮಾತು ನಿಜ. ಇದನ್ನ ಒಪ್ಕೊಂಡಿದ್ದಕ್ಕೆ ಮಿತ್ರರಿಗೆ ಒಂದು ಕಾಫಿ ನನ್ನ ಲೆಕ್ಕದಲ್ಲಿ.

ಆಲೂರಿನವ

ಆನೆ ಬಗ್ಗೆ ಯಾರೂ ಮಾತಾಡ್ಲಿಲ್ಲ. ನಮ್ಮ ಆಲೂರು, ಸಕಲೇಶಪುರ, ಬೇಲೂರು ಕಡೆ ರಾತ್ರಿ ತೋಟಕ್ಕೆ ಹೋಗೋಕೆ ಭಯ. 2023ರ ಡಿಸೆಂಬರಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯೋಕೆ ಹೋಗಿ ದಸರಾ ಆನೆ ಅರ್ಜುನನೇ ಸತ್ತ. ಈಗ ಫಾರ್ಮ್ ಪ್ಲಾಟ್‌ನವರು 15 ಎಕರೆ ಸುತ್ತ ಸೋಲಾರ್ ಬೇಲಿ ಹಾಕಿ ‘ಸೇಫ್’ ಅಂತ ಬೋರ್ಡ್ ಹಾಕ್ತಾರೆ. ಆನೆ ಮಾಯ ಆಗಲ್ಲ ಗುರು. ಬೇಲಿ ಪಕ್ಕ ಇರೋ ಬಡವನ ಭತ್ತದ ಗದ್ದೆಗೆ ಹೋಗುತ್ತೆ, ಲೈನ್‌ಮನೆ (ತೋಟದ ಕೂಲಿಯವರ ಮನೆ) ಬಾಗಿಲಿಗೆ ಬರುತ್ತೆ. ಬ್ರೋಷರಲ್ಲಿ ಆ ಖರ್ಚು ಬರೆದಿರಲ್ಲ.

ಮಲ್ಲಂದೂರು ಮನೆ

ನಾವು ಹೋಂಸ್ಟೇ ನಡೆಸ್ತೀವಿ, ಮನೆಯಲ್ಲೇ ಇದ್ದು. ಪ್ರವಾಸೋದ್ಯಮ ಇಲಾಖೆ ನೋಂದಣಿ ಮಾಡಿಸಿದ್ದೀವಿ. ಮನೆಯವರು ಯಾರೂ ಇಲ್ಲದ ವಿಲ್ಲಾನ ಬೀಗದ ಕೈ ಕೊಟ್ಟು ಬಾಡಿಗೆಗೆ ಬಿಡೋರಿಂದ ನಮಗೆ ಕೆಟ್ಟ ಹೆಸರು. ರಾತ್ರಿ ಎರಡು ಗಂಟೆಗೆ ಡಿಜೆ, ಬೆಳಿಗ್ಗೆ ಹಳ್ಳದಲ್ಲಿ ಬಾಟ್ಲಿ. ಮುಳ್ಳಯ್ಯನಗಿರಿ ಕಡೆ ಗಿರಿ ಮೇಲೆ ವಾಹನಕ್ಕೆ ಮಿತಿ, ಆನ್‌ಲೈನ್ ಬುಕಿಂಗ್ ಅಂತ ಮಾಡೋ ಪರಿಸ್ಥಿತಿ ಯಾಕೆ ಬಂತು ಯೋಚನೆ ಮಾಡಿ. ರೂಮುಗಳಿಗೆ ಮಿತಿ ಹಾಕೋದು ಮಾತ್ರ ಯಾರಿಗೂ ಬೇಡ.

ಇನ್ನೊಂದು, ನಗರದವರು ಬಂದು ಮಲೆನಾಡಲ್ಲಿ ಮೂರು ಕಡೆ ಗಾಜಿನ ಗೋಡೆ ಕಟ್ತಾರೆ, ವ್ಯೂಗೆ. ಮಳೆಗಾಲದಲ್ಲಿ ಒಳಗೆಲ್ಲ ಬೂಷ್ಟು, ಏಪ್ರಿಲ್‌ನಲ್ಲಿ ಏಸಿ. 3,500 ಅಡಿ ಎತ್ತರದಲ್ಲಿ ಏಸಿ! ನಮ್ಮತ್ತೆ ನೋಡಿ ನಕ್ಕಿದ್ದೇ ನಕ್ಕಿದ್ದು.

ಹಿರೇಮಗಳೂರು ಹೈದ

ಅಬ್ಬಾ. ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಒಂದು ಅನುಮಾನ: ಪಶ್ಚಿಮಘಟ್ಟದ ಬಗ್ಗೆ ಕಸ್ತೂರಿರಂಗನ್ ವರದಿ ಜಾರಿಗೆ ಬಂದ್ರೆ ಮಲೆನಾಡಲ್ಲಿ ಮನೇನೇ ಕಟ್ಟೋ ಹಾಗಿಲ್ಲ, ಅದಕ್ಕೆ ಈಗಲೇ ತಗೊಳ್ಳಿ ಅಂತ ಫಾರ್ಮ್‌ನವರು ಅವಸರ ಮಾಡ್ತಿದ್ದಾರೆ. ನಿಜಾನಾ? ಇನ್ನೊಂದು, ಫಾರ್ಮ್‌ಗೆ ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರದ ನೋಂದಣಿ) ಬೇಕಿಲ್ಲ ಅಂದ್ರು.

ಸರ್ವೆ ಸರಪಳಿ

ಅವಸರ ಮಾಡ್ತಿದ್ದಾರೆ ಅಂದ್ರೆ ನಿಧಾನ ಮಾಡಿ.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು, ಅಂದ್ರೆ ಆ ವರದಿ ಆಧಾರದ ಅಧಿಸೂಚನೆ, 2014ರಿಂದ ಮತ್ತೆ ಮತ್ತೆ ಬರ್ತಾ ಇದೆ. ಆರನೇ ಕರಡು ಬಂದಿದ್ದು 2024ರ ಜುಲೈ 31ಕ್ಕೆ. ಅದರಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಇದೆ. ಆ ಸೆಪ್ಟೆಂಬರ್‌ನಲ್ಲೇ ರಾಜ್ಯ ಸಂಪುಟ ಬೇಡ ಅಂತ ತೀರ್ಮಾನ ಮಾಡ್ತು. ಕರಡಿನಲ್ಲಿ ಕಟ್ಟಡದ ಬಗ್ಗೆ ಇರೋ ನಿಷೇಧ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳಿಗೆ, 50 ಹೆಕ್ಟೇರ್ ಮೇಲಿನ ಟೌನ್‌ಶಿಪ್‌ಗಳಿಗೆ. ಗಣಿ, ಕ್ವಾರಿ, ಮರಳು ಬೇರೆ ವಿಷಯ. ನಿಮ್ಮ 1,000 ಚದರಡಿ ಮನೆಗೆ ಅದು ಅಡ್ಡ ಬರಲ್ಲ. ಊರಲ್ಲಿ ರಾಜಕೀಯದವರು ಹೆದರಿಸಿದ್ದನ್ನೇ ಈಗ ಸೈಟು ಮಾರೋರು ಬಂಡವಾಳ ಮಾಡ್ಕೊಂಡಿದ್ದಾರೆ.

ಇದರ ಇನ್ನೊಂದು ಮುಖಾನೂ ನೋಡಿ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕಾಗೋದೂ 20,000 ಚದರ ಮೀಟರ್‌ನಿಂದ ಮೇಲೆ. ನಮ್ಮ ಕಡೆ ರೆಸಾರ್ಟು, ಫಾರ್ಮ್ ಪ್ಲಾಟು ಮುಕ್ಕಾಲುಪಾಲು ಅದರ ಕೆಳಗೇ. ಅಂದ್ರೆ ಗುಡ್ಡ ಕಡಿಯೋ ಮುಂಚೆ ಪರಿಸರದ ಪ್ರಶ್ನೆ ಕೇಳೋರು ನೀವೇ, ಕೊಳ್ಳೋರು. ಬೇರೆ ಯಾರೂ ಬರಲ್ಲ.

ರೇರಾ: 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಲೇಔಟ್‌ಗೆ ನೋಂದಣಿ ಕಡ್ಡಾಯ, ನಂಬರಿಲ್ಲದೆ ಜಾಹೀರಾತೂ ಕೊಡೋ ಹಾಗಿಲ್ಲ. ನಿಮ್ಮ ಕಡೂರು ರಸ್ತೆ ಲೇಔಟಿನ ಮಂಜೂರಾದ ನಕ್ಷೆ ರೇರಾ ಜಾಲತಾಣದಲ್ಲೇ ಸಿಗಬೇಕು, ಬ್ರೋಷರ್ ಪಕ್ಕಕ್ಕಿಟ್ಟು ಹೋಲಿಸಿ. 14ನೇ ಕಲಂ ಚೆನ್ನಾಗಿದೆ: ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಇಲ್ಲದೆ ಡೆವಲಪರ್ ನಕ್ಷೆ ಬದಲಾಯಿಸೋ ಹಾಗಿಲ್ಲ. ಪಾರ್ಕ್ ನಾಳೆ ಸೈಟಾಗಲ್ಲ. ಫಾರ್ಮ್ ಪ್ಲಾಟ್‌ನವರು ‘ನಾವು ಮಾರ್ತಿರೋದು ಕೃಷಿ ಜಮೀನು’ ಅಂತ ಹೊರಗೆ ನಿಲ್ತಾರೆ, ಅದೇ ಬಾಯಲ್ಲಿ ವಿಲ್ಲಾ ಅಂತಾರೆ. ಎರಡರಲ್ಲಿ ಒಂದು ಹೇಳಿ ಅಂತ ಪಟ್ಟು ಹಿಡೀರಿ.

ಬೇಲೂರು ಬಾಲೆ

ಮಧ್ಯ ಬಾಯಿ ಹಾಕ್ತೀನಿ. ಬೇಲೂರು, ಹಳೇಬೀಡಲ್ಲಿ ಸೈಟ್ ನೋಡ್ತಿರೋರು ದೇವಸ್ಥಾನದಿಂದ ಎಷ್ಟು ದೂರ ಅಂತ ಅಳೀರಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರ್ ಅನುಮತಿ ತಗೊಂಡೇ ಕಟ್ಟಬೇಕು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಸೈಟಿನ ರೇಟ್ ಮಾತ್ರ ಏರಿದೆ, ಈ ನಿಯಮ ಹೇಳೋರು ಇಲ್ಲ.

ಕಡೂರು ಕಾಯಿ

ಈಗ ಸೀರಿಯಸ್ಸಾಗಿ. ಕಡೂರು ರಸ್ತೆ ಲೇಔಟ್ ಬಗ್ಗೆ. ನಮ್ಮ ಕಡೆ ತೆಂಗಿನ ತೋಟಕ್ಕೇ ಬೋರು ಸಾಕಾಗಲ್ಲ. ಲೇಔಟಿನವರು ‘24 ಗಂಟೆ ನೀರು’ ಅಂದ್ರೆ ಎಲ್ಲಿಂದ ಅಂತ ಕೇಳಿ. ಒಂದು ಬೋರಾ? ನಗರಸಭೆ ಲೈನಾ? ಚಿಕ್ಕಮಗಳೂರು ಟೌನಿಗೇ ಹಿರೇಕೊಳಲೆ ಕೆರೆ ಮತ್ತೆ ಯಗಚಿ ನೀರು. ಯಗಚಿ ಹುಟ್ಟೋದು ನಮ್ಮ ಗಿರಿಯಲ್ಲಿ. ಬೇಲೂರು ಡ್ಯಾಮಿಗೆ ಹೋಗಿ, ಅಲ್ಲಿಂದ ಪಂಪ್ ಆಗಿ ವಾಪಸ್ ಊರಿಗೆ ಬರುತ್ತೆ. ಹೊಸ ಲೇಔಟಿಗೆ ಅದು ಬರುತ್ತೆ ಅಂತ ಬಾಯಲ್ಲಿ ಹೇಳಿದ್ರೆ ನಂಬಬೇಡಿ, ಕಾಗದ ಕೇಳಿ. ಮತ್ತೆ ಕೆರೆಗೆ ಹೋಗೋ ಕಾಲುವೆ ಮೇಲೆ ಲೇಔಟ್ ಕೂತಿದ್ಯಾ ನೋಡಿ. ಅಯ್ಯನಕೆರೆಯಂಥ ಕೆರೆ ಕಟ್ಟಿದೋರು ಎಷ್ಟು ದೂರದ ನೀರು ಸೇರಿಸ್ಕೊಂಡಿದ್ರು! ಈಗ ಒಂದು ಕಾಂಪೌಂಡ್ ಕಟ್ಟಿ ಅಡ್ಡ ಹಾಕ್ತಾರೆ.

ಹಿರೇಮಗಳೂರು ಹೈದ

ಎರಡೂ ಕಡೆ ಫೋನ್ ಮಾಡಿದೆ. ಫಾರ್ಮ್‌ನವರು ಸರ್ವೆ ನಂಬರ್ ಕೊಟ್ರು, 11ಇ ಸ್ಕೆಚ್ (ಜಮೀನು ತುಂಡು ಮಾಡಿ ಮಾರೋಕೆ ಬೇಕಾದ ಸರ್ವೆ ನಕ್ಷೆ) ಕೇಳಿದ್ದಕ್ಕೆ ‘ಪ್ರೋಸೆಸ್‌ನಲ್ಲಿದೆ’ ಅಂದ್ರು. ಭೂಪರಿವರ್ತನೆ ‘ಬೇಕಾಗಲ್ಲ ಸರ್’. ಕೊಳಚೆ ನೀರಿನ ಬಗ್ಗೆ ಕೇಳಿದಾಗ ಆ ಹುಡುಗಿ ಪಾಪ ಮ್ಯಾನೇಜರಿಗೆ ಫೋನ್ ಕೊಟ್ಟಳು, ಅವರು ‘ಸೈಟ್ ವಿಸಿಟ್‌ಗೆ ಬನ್ನಿ, ಊಟ ಇದೆ’ ಅಂದ್ರು. ಅದನ್ನ ಕೈಬಿಟ್ಟೆ.

ಲೇಔಟಿನವರು ರೇರಾ ನಂಬರ್ ಕೊಟ್ರು, ನಕ್ಷೆ ಸಿಕ್ತು. ನೀರು ಎರಡು ಬೋರಿಂದ ಅಂತೆ. ಆದ್ರೆ ಗ್ರಾಮ ನಕ್ಷೆ ಪಕ್ಕಕ್ಕಿಟ್ಟು ನೋಡಿದ್ರೆ ಕೊನೇ ಸಾಲಿನ ಸೈಟುಗಳ ಹಿಂದೆ ಒಂದು ಹಳ್ಳದ ಗೀಟು ಇದೆ, ಲೇಔಟ್ ನಕ್ಷೆಯಲ್ಲಿ ಅದು ‘ಬಫರ್’ (ಕಟ್ಟದೆ ಬಿಡೋ ಜಾಗ). ನನಗೆ ತೋರಿಸಿರೋ ಸೈಟು ಅದೇ ಸಾಲಲ್ಲಿದೆ. ಮುಂದಿನ ಸಾಲಲ್ಲಿ ಇನ್ನೊಂದು ಖಾಲಿ ಇದೆ, ಸ್ವಲ್ಪ ಜಾಸ್ತಿ ರೇಟು.

ಮನೆ ಬಗ್ಗೆನೂ ಹೇಳಿ ಮಟ್ಟಗೋಲು ಸರ್. ಮಣ್ಣಿನ ಇಟ್ಟಿಗೆ ಅಂದ್ರೆ ಅಪ್ಪ ಒಪ್ತಾರಾ ಗೊತ್ತಿಲ್ಲ.

ಮಟ್ಟಗೋಲು

ಅಪ್ಪ ಒಪ್ಪೋದು ಬಿಡೋದು ಆಮೇಲೆ, ಮೊದಲು ಮಣ್ಣು ಒಪ್ಪಬೇಕು. ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ, ಕರ್ನಾಟಕದಲ್ಲಿ ಆ ಥರ ಮನೆ ಬೇಕಾದಷ್ಟಿವೆ. ಶೇ 7ರ ಆಸುಪಾಸು ಸಿಮೆಂಟ್, ಸುಡೋದಿಲ್ಲ, ಅಡಿಪಾಯ ತೋಡಿದ ಮಣ್ಣೇ ಉಪಯೋಗಕ್ಕೆ ಬರುತ್ತೆ. ಮಣ್ಣಲ್ಲಿ ಜೇಡಿ ಜಾಸ್ತಿ ಇದ್ರೆ ಮರಳು ಸೇರಿಸಬೇಕು. ಬಾಟ್ಲಿಯಲ್ಲಿ ಮಣ್ಣು ನೀರು ಕುಲುಕಿ ಇಟ್ಟು ಮರಳು, ಜೇಡಿ ಪದರ ಎಷ್ಟೆಷ್ಟು ಕೂತ್ಕೊಂಡ್ವು ನೋಡಿದ್ರೆ ಮೊದಲ ಅಂದಾಜು ಸಿಗುತ್ತೆ. ಗೋಡೆಗೆ ಮಳೆ ಹೊಡೀಬಾರದು, ಎರಡೂವರೆ ಅಡಿ ಸೂರು ಮುಂದೆ ಬಿಡಿ. ಹಳೇ ತೊಟ್ಟಿಮನೆಯವರು ಸುಮ್ನೆ ಜಗಲಿ ಇಟ್ಟಿರಲಿಲ್ಲ.

ಅದು ಆಗಲ್ಲ ಅಂದ್ರೆ ಸುಟ್ಟ ಇಟ್ಟಿಗೇನೇ ರ‍್ಯಾಟ್ ಟ್ರ್ಯಾಪ್ ಬಾಂಡ್‌ನಲ್ಲಿ (ಇಟ್ಟಿಗೆ ನಿಲ್ಲಿಸಿ ಒಳಗೆ ಟೊಳ್ಳು ಬಿಡೋ ರೀತಿ) ಕಟ್ಟಿ, ನಾಲ್ಕನೇ ಒಂದು ಭಾಗ ಇಟ್ಟಿಗೆ ಉಳಿಯುತ್ತೆ, ಒಳಗಿನ ಟೊಳ್ಳಿಂದ ಬಿಸಿಲೂ ಕಮ್ಮಿ. ಗಾರೆಯವರು ಮೊದಲ ವಾರ ಗೊಣಗ್ತಾರೆ. ಒಂದು ಟನ್ ಸಿಮೆಂಟ್ ಹಿಂದೆ ಅರ್ಧ ಟನ್ನಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಇದೆ, ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಮನೆ ಚಿಕ್ಕದು ಮಾಡೋದು. ನಿಮಗೆ ನಾಲ್ಕು ಬೆಡ್‌ರೂಮ್ ಯಾಕೆ? ಸೋಲಾರ್‌ಗೆ ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ, ತಾರಸಿಯ ದಕ್ಷಿಣದ ಕಡೆ ಓವರ್‌ಹೆಡ್ ಟ್ಯಾಂಕ್ ಕೂರಿಸಿ ನೆರಳು ಮಾಡ್ಕೋಬೇಡಿ.

ಮುಂದಿನ ಸಾಲಿನ ಸೈಟೇ ನೋಡಿ. ಆದ್ರೆ ಹಳ್ಳದ ಏರಿಗೂ ಆ ಸೈಟಿಗೂ ಎಷ್ಟು ಎತ್ತರ ಇದೆ ಅಂತ ಅಳೆದ ಮೇಲೇ ಅಡ್ವಾನ್ಸ್ ಕೊಡಿ.

ನಿವೇಶನ ಮಿತ್ರ

ಆ ಲೇಔಟ್ ನನಗೆ ಗೊತ್ತು. ನಾನು ಮಾರ್ತಿರೋದಲ್ಲ, ಅದಕ್ಕೇ ಹೇಳ್ತೀನಿ: ದೊಡ್ಡ ಮಳೆ ಬಂದ ವರ್ಷ ಕೊನೇ ಸಾಲಿನ ಹಿಂದೆ ನೀರು ನಿಂತಿತ್ತು. ಮುಂದಿನ ಸಾಲಿಗೆ ಬಂದಿರಲಿಲ್ಲ. ಪಕ್ಕದ ಹೊಲದ ಯಜಮಾನರನ್ನ ಕೇಳಿ, ಅವರು ಸುಳ್ಳು ಹೇಳಲ್ಲ.

ಹಿರೇಮಗಳೂರು ಹೈದ

ಥ್ಯಾಂಕ್ಸ್ ಮಿತ್ರರೇ, ಇದು ನಿಮ್ಮಿಂದ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಶನಿವಾರ ಅಪ್ಪನ ಜೊತೆ ಹೋಗ್ತಿದ್ದೀನಿ. ಎತ್ತರ ಅಳೆಯೋದು ಹೆಂಗೆ, ಸರ್ವೆಯರ್ ಬೇಕಾ?

ಮಟ್ಟಗೋಲು

ಬೇಡ, ಗಾರೆಯವರ ಹತ್ರ ಇರೋ ಪಾರದರ್ಶಕ ನೀರಿನ ಪೈಪ್ ಸಾಕು. 15 ಮೀಟರಿಂದು ತಗೊಳ್ಳಿ, ಒಳಗೆ ಗಾಳಿ ಗುಳ್ಳೆ ಇರಬಾರದು. ಹಳ್ಳದ ಏರಿಯಿಂದ ಶುರು ಮಾಡಿ ಸೈಟಿನ ತನಕ ಹಂತ ಹಂತವಾಗಿ ಬನ್ನಿ, ಪ್ರತಿ ಹಂತ ಚೀಟಿಯಲ್ಲಿ ಬರೀರಿ. ನಾನೂ ಶನಿವಾರ ಬೇಲೂರಿಗೆ ಬರೋದಿದೆ, ಮಧ್ಯಾಹ್ನ ಆಗೋದಾದ್ರೆ ಅಲ್ಲಿಗೇ ಬಂದು ಸೇರ್ತೀನಿ. ಲೊಕೇಶನ್ ಮೆಸೇಜ್ ಮಾಡಿ.